ಕೈ ಕಟ್ಟಿಸಿದ ಅಕ್ಕೋರು

ಅವರ ಮೂಗುಬೊಟ್ಟಿನ ಸುತ್ತ ಯಾವಾಗಲೂ ಒಂದಿಷ್ಟು ಕಪ್ಪು ಮೆತ್ತಿರುತ್ತಿತ್ತು. ಸಣ್ಣ ಬಿಳಿ ಹರಳಿನ ಮೂಗುಬೊಟ್ಟು ಅದು. ವಿಚಾರಕ್ಕೆ ಬಿದ್ದಾಗ ಅದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸುವುದು ಅವರ ರೂಢಿ. ಕಳವಾದ ಮನೆಗಳಲ್ಲಿ ಬೆರಳಚ್ಚು ಎತ್ತಲು ಬಳಸುವ ಕಪ್ಪು ಪುಡಿ ಗೋದಿಹಿಟ್ಟಿಗಿಂತ ನುಣುಪು. ಕೈಗವಸು ಬಿಚ್ಚುವಾಗ ಎಷ್ಟೇ ಜ್ವಾಕಿ ಮಾಡಿದರೂ ಬೆರಳ ತುದಿಗೆ ಹತ್ತುತ್ತದೆ, ಅಲ್ಲಿಂದ ಮೂಗಿಗೆ. ಪೊಲೀಸ್ ಪೇದೆಗಳು ದೂರದಿಂದಲೇ ಅವರ ಮುಖ ನೋಡಿ ಫಲಿತಾಂಶ ಹೇಳುತ್ತಿದ್ದರು. "ಅಕ್ಕೋರ ಮೂಗು ಬೆಳ್ಳಗ ಐತಿ, ಏನೋ ಸಿಕ್ಕೈತಿ ನೋಡ" ಎಂದರೆ ಏನೋ ಸಿಕ್ಕಿರುತ್ತಿತ್ತು. ಮೂಗು ಕಪ್ಪಾದಷ್ಟೂ ಕೆಲಸ ಕೈಗೆ ಹತ್ತಿಲ್ಲವೆಂದು ಅರ್ಥ.

ಅಕ್ಕೋರು ಅಂದರೆ ನಮ್ಮ ಕಡೆ ಸಾಲಿ ಕಲಿಸುವ ಶಿಕ್ಷಕಿ. ಇವರು ಬೆರಳಚ್ಚು ತಜ್ಞೆ, ಪೊಲೀಸ್ ಇಲಾಖೆಯ ಅಧಿಕಾರಿ. ಆದರೆ ಈ ಕೆಲಸಕ್ಕೆ ಬರುವ ಮೊದಲು ಶಿಗ್ಗಾವಿ ತಾಲೂಕಿನ ಒಂದು ಹಳ್ಳಿಯಲ್ಲಿ ಕೆಲವು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ್ದರು. ಇಲಾಖೆಗೆ ಸೇರಿ ಮೊದಲ ಸಲ ಒಂದು ಠಾಣೆಗೆ ಹೋದಾಗ ಬಾಗಿಲಲ್ಲಿ ನಿಂತಿದ್ದ ಪೇದೆ ಅವರ ಹಳೆಯ ವಿದ್ಯಾರ್ಥಿಯಾಗಿದ್ದನಂತೆ. ಸೆಲ್ಯೂಟ್ ಹೊಡೆಯಬೇಕಾದವನು ಗಾಬರಿಯಲ್ಲಿ ಕೈ ಮುಗಿದು "ನಮಸ್ಕಾರ್ರೀ ಅಕ್ಕೋರ" ಅಂದುಬಿಟ್ಟ. ಅವತ್ತಿನಿಂದ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನ ಠಾಣೆಗಳಲ್ಲಿ ಅವರು ಅಕ್ಕೋರೇ ಆದರು. ಮೇಲಧಿಕಾರಿಗಳು ಕೂಡ ಕೆಲವೊಮ್ಮೆ ಬಾಯಿತಪ್ಪಿ ಹಾಗೇ ಕರೆಯುತ್ತಿದ್ದರು.

ನಾನು ಅವರನ್ನು ಕಂಡಿದ್ದು ನನ್ನ ಎಂಎಸ್ಸಿಯ ಕೊನೆಯ ವರ್ಷದಲ್ಲಿ. ವಿಧಿವಿಜ್ಞಾನ ಓದುತ್ತಿದ್ದೆ. ಕಾಲೇಜಿನವರು ಬೇಸಿಗೆಯಲ್ಲಿ ಎಲ್ಲಾದರೂ ತರಬೇತಿ ಮಾಡಿ ಬನ್ನಿ ಎಂದಾಗ, ಸವಣೂರಿನಲ್ಲಿ ನಮ್ಮ ಮನೆಯಿಂದ ಹೋಗಿ ಬರುವಂತಿರಲಿ ಎಂದು ಈ ಬೆರಳಚ್ಚು ಘಟಕವನ್ನು ಕೇಳಿಕೊಂಡಿದ್ದೆ. ಓದಿದ್ದೆಲ್ಲ ತಲೆಯಲ್ಲಿ ಗಿಜಿಗುಟ್ಟುತ್ತಿತ್ತು. ರಕ್ತದ ಹನಿ ಎಷ್ಟು ಎತ್ತರದಿಂದ ಬಿದ್ದರೆ ಯಾವ ಆಕಾರ, ಗಾಜು ಒಡೆದರೆ ಬಿರುಕು ಯಾವ ಕಡೆಗೆ, ಎಲ್ಲ ಬಾಯಿಪಾಠ. ಅದನ್ನೆಲ್ಲ ಒಬ್ಬರ ಮುಂದೆ ಹೇಳಿ ಭೇಷ್ ಅನ್ನಿಸಿಕೊಳ್ಳುವ ಆಸೆ.

ಮೊದಲ ದಿನ ಅವರು ನನ್ನನ್ನು ಕರೆದುಕೊಂಡು ಹೋಗಿದ್ದು ಯಲವಿಗಿಯ ಒಂದು ಕಿರಾಣಿ ಅಂಗಡಿಗೆ. ಹಿಂದಿನ ಬಾಗಿಲು ಮುರಿದಿತ್ತು. ಅಂಗಡಿಯ ಮಾಲೀಕ, ಅವನ ತಮ್ಮ, ಇಬ್ಬರು ಪೇದೆಗಳು, ಜೊತೆಗೆ ಅಕ್ಕಪಕ್ಕದವರು, ಎಲ್ಲರೂ ಒಳಗೆ ನುಗ್ಗಿ ಒಬ್ಬೊಬ್ಬರು ಒಂದೊಂದು ಡಬ್ಬಿ ಎತ್ತಿ ತೋರಿಸುತ್ತಿದ್ದರು. ಅಕ್ಕೋರು ಹೊಸ್ತಿಲಲ್ಲಿ ನಿಂತರು. ಗಿಡ್ಡ ದೇಹ, ಕಾಟನ್ ಸೀರೆ, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ದನಿ ಮಾತ್ರ ಇಡೀ ಓಣಿಗೆ ಕೇಳುವಂಥದ್ದು.

"ಎಲ್ಲಾರೂ ಕೈ ಕಟ್ರಿ! ಬಾಯಿ ಮುಚ್ರಿ!"

ಒಂದನೇ ಇಯತ್ತೆಯ ಮಕ್ಕಳ ಹಾಗೆ ಅಷ್ಟೂ ಮಂದಿ ಎದೆಯ ಮೇಲೆ ಕೈ ಕಟ್ಟಿ ನಿಂತರು. ಮೀಸೆಯ ಹವಾಲ್ದಾರರೊಬ್ಬರು ಕೈಯಲ್ಲಿದ್ದ ಲಾಠಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈ ಕಟ್ಟಿದರು. ನನಗೆ ನಗು ತಡೆಯಲಾಗಲಿಲ್ಲ. ಅಕ್ಕೋರು ನನ್ನತ್ತ ತಿರುಗಿ, "ನೀನೂ ಕಟ್ಟ ತಂಗಿ. ನಿನಗೇನ್ ಬ್ಯಾರೆ ಹೇಳಬೇಕೇನು?" ಅಂದರು.

ಆ ದಿನವಿಡೀ ನಾನು ಕೈ ಕಟ್ಟಿಯೇ ನಿಂತಿದ್ದೆ. ಮರುದಿನವೂ, ಅದರ ಮರುದಿನವೂ. ಪುಡಿಯ ಡಬ್ಬಿಯನ್ನಾಗಲಿ ಬ್ರಷ್ಷನ್ನಾಗಲಿ ಮುಟ್ಟಗೊಡಲಿಲ್ಲ. ಯಾಕೆಂದು ಕೇಳಿದಾಗ ಸಿಟ್ಟಾಗದೆ ಹೇಳಿದರು, "ಕೈ ಬಿಟ್ರ ಕಣ್ಣು ಕೈ ಹಿಂದ ಹೋಗ್ತಾವ. ಏನರ ಹಿಡೀಬೇಕು, ಏನರ ಎತ್ತಬೇಕು ಅನಸ್ತೈತಿ. ಕೈ ಕಟ್ಟಿದ್ರ ಕಣ್ಣಿಗೆ ಬ್ಯಾರೆ ದಾರಿ ಇಲ್ಲ, ನೋಡಬೇಕಾಕ್ಕೈತಿ." ಹಾಗೆ ನಿಂತು ನಿಂತು ನಾನು ನೋಡುವುದನ್ನು ಕಲಿತೆ. ಬಾಗಿಲ ಚಿಲಕದ ಧೂಳು ಒಂದು ಕಡೆ ಮಾತ್ರ ಅಳಿಸಿರುವುದು, ಸಾಲಾಗಿಟ್ಟ ಡಬ್ಬಿಗಳಲ್ಲಿ ಒಂದು ಮಾತ್ರ ಹೊರಳಿ ಕೂತಿರುವುದು, ಒಳಗೆ ಬಂದವನು ಚಪ್ಪಲಿ ಬಿಟ್ಟು ಬಂದಿರುವುದು, ಇಂಥವೆಲ್ಲ ಕಣ್ಣಿಗೆ ಬೀಳತೊಡಗಿದವು.

ಕೊನೆಗೊಂದು ದಿನ ಬ್ರಷ್ ಕೈಗೆ ಕೊಟ್ಟರು. ಕಳವಿನ ಜಾಗದಲ್ಲಿ ಅಲ್ಲ, ಕಚೇರಿಯಲ್ಲಿ. ನನ್ನ ಅಬ್ಬಾನ ಎಲೆ ಅಂಗಡಿಯಿಂದ ವೀಳ್ಯದೆಲೆಯ ಕಟ್ಟು ತರಿಸಿದರು. ಸವಣೂರಿನ ಎಲೆಗೆ ಹೊಳಪು ಜಾಸ್ತಿ, ಅದರ ಮೇಲೆ ಬೆರಳು ಚೆನ್ನಾಗಿ ಮೂಡುತ್ತದೆ, ಆದರೆ ಬ್ರಷ್ ಸ್ವಲ್ಪ ಒತ್ತಿದರೂ ಅಳಿಸಿಹೋಗುತ್ತದೆ. ಎಲೆ ಮೇಲೆ ಎಲೆ ಕೆಡಿಸಿದೆ. ಅವರು ಪಕ್ಕದಲ್ಲಿ ಕೂತು, ಕೆಟ್ಟ ಎಲೆಗಳನ್ನು ಒಂದು ಕಡೆ ಸರಿಸುತ್ತ, ಕೆಡದಿರುವ ಕಟ್ಟಿನಿಂದ ಒಂದೊಂದನ್ನೇ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. "ಕೂಸಿನ ಕೆನ್ನಿ ಸವರಿದಂಗ ಸವರ. ಹಂಗ... ಹಂಗ." ಮೊದಲ ಸಲ ಒಂದು ಎಲೆಯ ಮೇಲೆ ನನ್ನದೇ ಹೆಬ್ಬೆರಳಿನ ಸುಳಿ ಸ್ಪಷ್ಟವಾಗಿ ಎದ್ದು ಬಂದಾಗ ಅವರು ನನಗಿಂತ ಹೆಚ್ಚು ಖುಷಿಪಟ್ಟರು. ಕಚೇರಿಯಲ್ಲಿದ್ದವರನ್ನೆಲ್ಲ ಕರೆದು ತೋರಿಸಿದರು.

ಹೆಣ ನೋಡುವುದನ್ನು ಕಲಿಸಿದವರೂ ಅವರೇ. ಶಿಗ್ಗಾವಿ ತಾಲೂಕಿನ ಒಂದು ಬಾವಿಯಲ್ಲಿ ಗುರುತು ಸಿಗದ ಹೆಂಗಸಿನ ದೇಹ ತೇಲಿತ್ತು. ಬೆರಳಚ್ಚು ತೆಗೆದುಕೊಳ್ಳಲು ಹೋಗಿದ್ದೆವು. ನಾನು ನಾಲ್ಕು ಹೆಜ್ಜೆ ಹಿಂದೆಯೇ ನಿಂತೆ. ಅಕ್ಕೋರು ಕಿವಿಯಲ್ಲಿ ಮೆಲ್ಲಗೆ, "ಮೊದಲ ಕಾಲು ನೋಡ. ಮಾರಿ ಆಮ್ಯಾಲ ನೋಡೂಣಂತ" ಅಂದರು. ಕಾಲುಂಗುರ, ಒಡೆದ ಹಿಮ್ಮಡಿ, ಪಾದದ ಮೇಲೆ ಹಳೆಯದೊಂದು ಸುಟ್ಟ ಗಾಯದ ಕಲೆ. ಕಾಲು ನೋಡುತ್ತ ನೋಡುತ್ತ ಆ ದೇಹ ನನಗೆ ಹೆಣವಾಗಿ ಉಳಿಯಲಿಲ್ಲ, ಹೊಲಕ್ಕೆ ನಡೆದುಹೋಗುತ್ತಿದ್ದ ಒಬ್ಬ ಹೆಂಗಸಾಯಿತು. ಆಮೇಲೆ ಮುಖ ನೋಡುವುದು ಕಷ್ಟವಾಗಲಿಲ್ಲ. ಅಕ್ಕೋರು ಆಕೆಯ ಕೈಯನ್ನು ತಮ್ಮ ಅಂಗೈಯೊಳಗೆ ತೆಗೆದುಕೊಂಡು, ಬದುಕಿರುವವರಿಗೆ ಹೇಳುವ ಹಾಗೆ, "ಸ್ವಲ್ಪ ತ್ರಾಸ ಕೊಡ್ತೇನಿ ಯವ್ವಾ" ಎಂದು ಒಂದೊಂದೇ ಬೆರಳು ಒರೆಸತೊಡಗಿದರು. ಕೆಲಸ ಮುಗಿದ ಮೇಲೆ ಆಕೆಯ ಸೀರೆಯ ನೆರಿಗೆಯನ್ನು ಪಾದದವರೆಗೆ ಎಳೆದು ಸರಿಮಾಡಿದರು. ಪಾದದ ಆ ಕಲೆಯಿಂದಲೇ ಮುಂದೆ ಆಕೆಯ ಅಣ್ಣ ಬಂದು ಗುರುತಿಸಿದ. ದೇಹ ಊರಿಗೆ ಹೋಯಿತು.

ಈ ಸುದ್ದಿ ಹೇಗೋ ನಮ್ಮ ಓಣಿಗೆ ಮುಟ್ಟಿತು. ಮನೆಯಲ್ಲಿ ಗಾಳಿ ಬದಲಾಯಿತು. ಅಮ್ಮಿ ಊಟಕ್ಕೆ ಬಡಿಸುವಾಗ ನನ್ನ ಕೈ ನೋಡುತ್ತಿದ್ದಳು. ಅಮ್ಮಿಯ ತಂಗಿ, ನಮ್ಮ ಖಾಲಾ ಬಂದು, ಹೆಣ ಮುಟ್ಟುವ ಹುಡುಗಿಯನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ ಎಂದು ಬಾಯಿಬಿಟ್ಟೇ ಹೇಳಿದಳು. ಅಬ್ಬಾ ಜಗಳ ಮಾಡುವವನಲ್ಲ. ಒಂದು ಸಂಜೆ ಎಲೆಯ ಬುಟ್ಟಿಗೆ ನೀರು ಚಿಮುಕಿಸುತ್ತ, "ಬೇಟಿ, ಓದಿದ್ದು ಸಾಕಾಗದೇ? ಬಿಎಡ್ ಮಾಡು. ವಿಜ್ಞಾನದ ಟೀಚರ್ ಆಗು" ಅಂದ. ಅಷ್ಟೇ ಅಂದದ್ದು. ಆದರೆ ಅವನು ಅಷ್ಟು ಮೆಲ್ಲಗೆ ಹೇಳಿದ ಮಾತನ್ನು ನಾನು ಎಂದೂ ಮೀರಿದವಳಲ್ಲ.

ಮರುದಿನ ಅಕ್ಕೋರಿಗೆ ಹೇಳಿದೆ. ಅವರು ಅವತ್ತೇ ಹುಲಗೂರಿಗೆ ಹೋಗಿ ಬರುವಾಗ ಜೀಪನ್ನು ಸವಣೂರಿನತ್ತ ತಿರುಗಿಸಿದರು. ನಮ್ಮ ಮನೆಯ ಮುಂದೆ ಪೊಲೀಸ್ ಜೀಪು ನಿಂತಾಗ ಅಬ್ಬಾ ಅಂಗಡಿಯಿಂದ ಓಡಿ ಬಂದ, ಓಣಿಯ ಮಂದಿ ಕಿಟಕಿಗೆ ಬಂದರು. ಅಕ್ಕೋರು ಬೂಟು ಬಿಚ್ಚಿ ಒಳಗೆ ಬಂದು ಚಾಪೆಯ ಮೇಲೆ ಅಬ್ಬಾನ ತಾಯಿ, ನಮ್ಮ ದಾದಿಯ ಪಕ್ಕ ಕೂತರು. ಮನೆಯಲ್ಲಿ ನಾವು ಉರ್ದು ಆಡುತ್ತೇವೆ, ಬಂದವರ ಮುಂದೆ ಕನ್ನಡ. ಅಬ್ಬಾ ಕುರ್ಚಿ ತಂದು ಇಟ್ಟರೂ ಅವರು ಏಳಲಿಲ್ಲ.

"ಮೇಡಂ, ನೀವು ದೊಡ್ಡವರು. ನಿಮಗ ಎದುರು ಹೇಳಂಗಿಲ್ಲ," ಅಬ್ಬಾ ನಿಂತೇ ಹೇಳಿದ. "ಆದ್ರ ನಮ್ಮ ಮಂದಿ ಒಂದ್ ಮಾತು ಅಂದ್ರ ಹುಡುಗಿ ಜೀವನಕ್ಕ ಹತ್ತತೈತ್ರಿ."

"ಖರೇ ಐತ್ರಿ ಅಣ್ಣಾರ. ನಮ್ಮ ಮಂದೀನೂ ಅಂದಾರ," ಅಂದರು ಅಕ್ಕೋರು. "ನಮ್ಮ ಅತ್ತಿ ನಾ ಹೆಣ ಮುಟ್ಟಿ ಬಂದೇನಿ ಅಂತ ಅಡಗಿಮನಿಗೆ ಬಿಟ್ಟುಕೊಂಡಿದ್ದಿಲ್ಲ. ನಂಗ ಭಾಳ ಚಲೋ ಆತು. ಆಕೀನ ಮಾಡಿ ಹಾಕ್ತಿದ್ಲು."

ಒಳಬಾಗಿಲಲ್ಲಿ ನಿಂತಿದ್ದ ಅಮ್ಮಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಅಕ್ಕೋರು ದಾದಿಯ ಬಲಗೈ ಕೇಳಿದರು. ಚೀಲದಿಂದ ಶಾಯಿಯ ಹಲಗೆ ತೆಗೆದು, ದಾದಿಯ ಹೆಬ್ಬೆರಳನ್ನು ಹೊರಳಿಸಿ ಬಿಳಿ ಕಾಗದದ ಮೇಲೆ ಒತ್ತಿ, ಭೂತಗನ್ನಡಿಯನ್ನು ಅವಳ ಕಣ್ಣಿಗೆ ಹಿಡಿದರು. ದಾದಿ ಬಹಳ ಹೊತ್ತು ನೋಡಿದಳು. ನೂರು ಸಲ ಅಂಗೂಠಾ ಒತ್ತಿದವಳು, ಆದರೆ ಅದನ್ನು ಹೀಗೆ ನೋಡಿರಲಿಲ್ಲ.

"ಇದು ಯಾರ್ ಹಾಕಿದ ಮೆಹಂದಿ?" ಎಂದು ಕೇಳಿದಳು.

"ನೀವ್ ಹುಟ್ಟೂಕಿಂತ ಮೊದಲ ಹಾಕಿದ್ದು ಯವ್ವಾ. ಇಂಥಾದ್ದು ದುನಿಯಾದಾಗ ಇನ್ನೊಬ್ಬರಿಗಿಲ್ಲ. ಸತ್ತ ಮ್ಯಾಲೂ ಸ್ವಲ್ಪ ದಿನ ಹೋಗಂಗಿಲ್ಲ. ಯಾರದೂ ಅಂತ ಗೊತ್ತಿಲ್ಲದ ಹೆಣ ಬಂದ್ರ, ಇದನ್ನ ಓದಿ ಮನಿಗೆ ಕಳಸೋ ಕೆಲಸ ನಿಮ್ಮ ಮೊಮ್ಮಗಳು ಕಲಿಯಾಕತ್ತಾಳ."

ದಾದಿ ಆ ಕಾಗದವನ್ನು ಅಬ್ಬಾನ ಕೈಗೆ ಕೊಟ್ಟಳು. "ದಫನ್ ಆಗದ ಮಂದಿಗೆ ದಾರಿ ತೋರಿಸೋದು ಸವಾಬಿನ ಕೆಲಸ, ಪುಣ್ಯದ ಕೆಲಸ. ಹುಡುಗಿಗೆ ಅಡ್ಡ ಬರಬ್ಯಾಡ" ಅಂದಳು. ಅಬ್ಬಾ ತಾಯಿಯ ಮಾತಿಗೆ ಎಂದೂ ಎರಡು ಆಡಿದವನಲ್ಲ. ಅಮ್ಮಿ ಚಹಾ ತಂದಳು, ಜೊತೆಗೆ ಸವಣೂರು ಖಾರಾ. ಅಕ್ಕೋರು ತಟ್ಟೆ ಖಾಲಿ ಮಾಡಿ ಇನ್ನೊಂದಿಷ್ಟು ಕಟ್ಟಿಸಿಕೊಂಡೂ ಹೋದರು. ಖಾಲಾ ಆಮೇಲೆಯೂ ಬಂದು ಹೇಳುವುದನ್ನು ಹೇಳುತ್ತಿದ್ದಳು. ಆದರೆ ಮನೆಯಲ್ಲಿ ಕೇಳಿಸಿಕೊಳ್ಳುವವರು ಇರಲಿಲ್ಲ.

ಇದಾಗಿ ಕೆಲವೇ ದಿನಕ್ಕೆ ಹಾನಗಲ್ ಕಡೆಯ ಒಂದು ಹಳ್ಳಿಯಿಂದ ಕರೆ ಬಂತು. ಊರಿನ ಹೆಸರು ಬೇಡ. ಅನುಕೂಲಸ್ಥ ರೈತರ ಮನೆ. ಟ್ರೆಜರಿ ಎಂದು ನಾವು ಕರೆಯುವ ಕಬ್ಬಿಣದ ಕಪಾಟಿನೊಳಗಿಂದ ಚಿನ್ನದ ಗುಂಡು ಪೋಣಿಸಿದ ಬೋರಮಾಳ ಸರ ಮಾಯವಾಗಿತ್ತು. ಯಜಮಾನನ ಹೆಂಡತಿಯ ತವರಿನಲ್ಲಿ ಕುಬಸದ, ಅಂದರೆ ಸೀಮಂತದ, ಕಾರ್ಯವಿತ್ತು, ಹಾಕಿಕೊಂಡು ಹೋಗೋಣವೆಂದು ಕಪಾಟು ತೆಗೆದರೆ ಡಬ್ಬಿ ಖಾಲಿ. ಬೀಗ ಮುರಿದಿರಲಿಲ್ಲ. ಮನೆಗೆ ಬಣ್ಣ ಹೊಡೆಯುವ ಕೆಲಸ ನಡೆದಿತ್ತು. ಹಿರೇಬೆಂಡಿಗೇರಿ ಕಡೆಯ ಒಬ್ಬ ಹುಡುಗ ಆ ಕೋಣೆಯಲ್ಲಿ ಒಬ್ಬನೇ ಇದ್ದನಂತೆ. ಮನೆಯ ಯಜಮಾನ ಆಗಿಂದಾಗಲೇ ಠಾಣೆಗೆ ಹೋಗಿ ದೂರು ಕೊಟ್ಟಿದ್ದ, ಪೊಲೀಸರು ಹುಡುಗನನ್ನು ವಿಚಾರಣೆಗೆ ಕೂರಿಸಿದ್ದರು. ಅವನು ಟ್ರೆಜರಿಯನ್ನು ನಾನು ಮುಟ್ಟಿಯೇ ಇಲ್ಲ ಎನ್ನುತ್ತಿದ್ದ. ಅವನ ತಾಯಿ ಠಾಣೆಯ ಎದುರಿನ ಬೇವಿನ ಮರದ ಕೆಳಗೆ ಕೂತಿದ್ದಳು. ನಮ್ಮ ಜೀಪು ಬಂದರೆ ಎದ್ದು ನಿಲ್ಲುತ್ತಿದ್ದಳು, ಏನೂ ಕೇಳದೆ ಮತ್ತೆ ಕೂರುತ್ತಿದ್ದಳು.

ಟ್ರೆಜರಿಯ ಮೇಲೆ ಸಿಕ್ಕ ಗುರುತುಗಳನ್ನೆಲ್ಲ ಅಕ್ಕೋರು ಫೋಟೋ ತೆಗೆದು, ಟೇಪಿನಲ್ಲಿ ಎತ್ತಿದರು. ಕಚೇರಿಗೆ ಬಂದು ಹುಡುಗನ ಬೆರಳಿನ ಮಾದರಿಯ ಜೊತೆ ಹೋಲಿಸುವ ಕೆಲಸ ನನಗೆ ಕೊಟ್ಟರು. ಸುಳಿ, ಕವಲು, ತುಂಡಾದ ಗೆರೆ, ಒಂದೊಂದನ್ನೇ ಹಿಡಿದು ಹೋದೆ. ಮಧ್ಯಾಹ್ನದ ಹೊತ್ತಿಗೆ ಕೂಡಿತು. ಬಲಗೈಯ ನಾಲ್ಕೂ ಬೆರಳು, ಅವನದೇ. ನನ್ನ ಜೀವನದ ಮೊದಲ ಹೋಲಿಕೆ. ಕುರ್ಚಿ ಬಿಟ್ಟು ಎದ್ದು ಅಕ್ಕೋರನ್ನು ಕರೆದೆ. ಅಕ್ಕೋರು ತಾವೂ ನೋಡಿ, "ಹೌದು, ಅವಂದ. ಚಲೋ ನೋಡಿದಿ" ಅಂದರು. ಅಷ್ಟರಲ್ಲಿ ಠಾಣೆಯ ಇನ್ಸ್‌ಪೆಕ್ಟರ್ ಫೋನು. ಕೂಡಿದೆ ಎಂದು ಕೇಳಿದ್ದೇ ಅವರ ದನಿ ಏರಿತು. "ಮುಟ್ಟೇ ಇಲ್ಲ ಅಂದಿದ್ದ ನೋಡ್ರಿ ಅಕ್ಕೋರ! ಬರದು ಕಳಸ್ರಿ, ಇವತ್ತ ಒಳಗ ಹಾಕ್ತೇನಿ."

"ಕಳಸ್ತೇನ್ರಿ. ಇನ್ನೂ ಪೂರಾ ಓದಿಲ್ಲ" ಎಂದು ಫೋನು ಇಟ್ಟರು. ಕೈ ಮೂಗುಬೊಟ್ಟಿಗೆ ಹೋಯಿತು.

"ತಂಗಿ, ಬೆರಳು ಅವಂದ. ಈಗ ಹೇಳ, ಆ ಬೆರಳು ಅಲ್ಲಿ ಏನ್ ಮಾಡಾಕತ್ತಿತ್ತು?"

ನಮ್ಮ ಕಚೇರಿಯಲ್ಲೂ ಅಂಥದೇ ಒಂದು ಟ್ರೆಜರಿ ಇತ್ತು. ಅದರ ಮುಂದೆ ನಿಲ್ಲಿಸಿ, ಫೋಟೋ ಕೈಗೆ ಕೊಟ್ಟು, "ಇದರಾಗ ಹೆಂಗ ಮೂಡ್ಯಾವೋ ಹಂಗ ನಿನ್ನ ಬೆರಳು ಇಡ" ಅಂದರು. ಗುರುತುಗಳಿದ್ದದ್ದು ಕಪಾಟಿನ ಬಲಮಗ್ಗುಲ ಹಿಂದಿನ ಅಂಚಿನಲ್ಲಿ, ಗೋಡೆಗೆ ತಾಗಿಕೊಂಡಿರುವ ಕಡೆ. ಬೆರಳ ತುದಿಗಳು ಹಿಂಬದಿಗೆ ಬಾಗಿದ್ದವು. ಎದುರು ನಿಂತು ಕೈ ಚಾಚಿದೆ, ಎಟುಕಲಿಲ್ಲ. ಪಕ್ಕಕ್ಕೆ ಬಂದೆ, ಬೆರಳು ಅಡ್ಡವಾದವು. ಕೊನೆಗೆ ಕಪಾಟಿಗೆ ಎದೆ ಹಚ್ಚಿ, ಎರಡೂ ಕೈ ಹಿಂದಕ್ಕೆ ಹಾಯಿಸಿದಾಗ ಫೋಟೋದಲ್ಲಿದ್ದ ಹಾಗೆಯೇ ಕೂತವು. ನಾನು ಆ ಕಬ್ಬಿಣದ ಕಪಾಟನ್ನು ತಬ್ಬಿಕೊಂಡು ನಿಂತಿದ್ದೆ.

"ಟ್ರೆಜರಿ ತಬ್ಬಿಕೊಂಡ್ರ ಕದ ತೆರೀತೈತೇನು?" ಅಕ್ಕೋರು ಹಿಂದಿನಿಂದ ಕೇಳಿದರು.

ತೆರೆಯುವುದಿಲ್ಲ. ಜಗ್ಗಬಹುದು ಅಷ್ಟೇ. ಹಿಂದಿನ ಗೋಡೆಗೆ ಬಣ್ಣ ಹೊಡೆಯಬೇಕಾದರೆ ಕಪಾಟನ್ನು ಹಾಗೆ ತಬ್ಬಿ ಮುಂದಕ್ಕೆ ಎಳೆಯಲೇಬೇಕು. ಭೂತಗನ್ನಡಿಯಲ್ಲಿ ಮತ್ತೆ ನೋಡಿದೆ. ಗೆರೆಗಳ ನಡುವೆ ಗೋಡೆಗೆ ಹಚ್ಚುವ ಪುಟ್ಟಿಯ ಬಿಳಿ ಧೂಳು ಕೂತಿತ್ತು. ಹಿಡಿಕೆಯ ಮೇಲಾಗಲಿ, ಬೀಗದ ಸುತ್ತ ಆಗಲಿ, ಒಳಗಿನ ಡಬ್ಬಿಯ ಮೇಲಾಗಲಿ ಅವನ ಒಂದು ಗೆರೆಯೂ ಇರಲಿಲ್ಲ, ಬಿಳಿ ಧೂಳೂ ಇರಲಿಲ್ಲ. ಅಕ್ಕೋರು ಇನ್ಸ್‌ಪೆಕ್ಟರಿಗೆ ಫೋನು ಮಾಡಿ, "ಮುಟ್ಟಿಯೇನು ಅಂತ ಕೇಳಬ್ಯಾಡ್ರಿ. ಹಿಂದಿನ ಗ್ವಾಡಿಗೆ ಹೆಂಗ ಬಣ್ಣ ಹೊಡದಿ ಅಂತ ಕೇಳ್ರಿ" ಅಂದರು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಹುಡುಗ ಅಳುತ್ತ ಹೇಳಿದನಂತೆ, "ಜಗ್ಗಿದೆನ್ರಿ ಸಾಹೇಬ್ರ. ಮುಟ್ಟೇನಿ ಅಂದ್ರ ಹೊಡೀತೀರಿ ಅಂತ ಸುಳ್ಳ ಹೇಳಿದೆ."

ಆದರೂ ಅವನನ್ನು ಬಿಡಲು ಇನ್ಸ್‌ಪೆಕ್ಟರಿಗೆ ಮನಸ್ಸಿಲ್ಲ. ಸರ ಎಲ್ಲಿ ಹಾಗಾದರೆ? ಅಕ್ಕೋರು ಮತ್ತೆ ಆ ಹಳ್ಳಿಗೆ ಹೊರಟರು. ಉಳಿದ ಗುರುತುಗಳಲ್ಲಿ ಮನೆಯವರದು ಯಾವುದು, ಹೊರಗಿನವರದು ಯಾವುದು ಬೇರೆ ಮಾಡಬೇಕು, ಅದಕ್ಕೆ ಮನೆಯವರೆಲ್ಲರ ಬೆರಳಿನ ಮಾದರಿ ಬೇಕು. ಯಜಮಾನ ಕೊಟ್ಟ, ಅವನ ಹೆಂಡತಿ ಕೊಟ್ಟಳು. ಕೊನೆಗೆ ಯಜಮಾನನ ತಾಯಿ. ಹಣೆ ತುಂಬ ವಿಭೂತಿ ಹಚ್ಚಿಕೊಂಡಿದ್ದ ಅಜ್ಜಿ. ಅಡುಗೆಮನೆಯ ಹೊಸ್ತಿಲ ಒಳಗೆ ಕೂತಿದ್ದರು, ಹೊರಗೆ ಬರಲೊಲ್ಲರು. ಅಕ್ಕೋರು ಶಾಯಿಯ ಹಲಗೆ ಹಿಡಿದು ತಾವೇ ಅಡುಗೆಮನೆಗೆ ಹೋಗಿ ಎದುರು ಕೂತರು. ನಾನು ಕಾಗದ ಹಿಡಿದು ಪಕ್ಕದಲ್ಲಿ.

ಹೆಬ್ಬೆರಳು, ತೋರುಬೆರಳು, ನಡುಬೆರಳು. ಅಜ್ಜಿಯ ಕೈ ನಡುಗುತ್ತಿತ್ತು, ಮುದ್ರೆ ಕದಡುತ್ತಿತ್ತು. ಅಕ್ಕೋರು ಶಾಯಿ ಬದಿಗಿಟ್ಟು ಆ ಕೈಯನ್ನು ಸುಮ್ಮನೆ ಹಿಡಿದುಕೊಂಡು ಕೂತರು.

"ಚಳಿ ಇಲ್ಲಲ್ಲ ಯವ್ವಾ. ಕೈ ಯಾಕ ನಡಗಾಕತ್ತೈತಿ?"

ಅಜ್ಜಿ ಒಲೆಯತ್ತ ಮುಖ ತಿರುಗಿಸಿದರು. ಒಲೆಯ ಮೇಲೆ ಬೇಳೆ ಕುದಿಯುವ ಸದ್ದು. ನಾನು ಏನಾದರೂ ಕೇಳೋಣವೆಂದು ಬಾಯಿ ತೆರೆದೆ, ಅಕ್ಕೋರು ಕಣ್ಣಲ್ಲೇ ಬೇಡವೆಂದರು. ಎಷ್ಟೋ ಹೊತ್ತಿನ ಮೇಲೆ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು.

"ಆ ಹುಡುಗನ್ನ ಬಡದಾರೇನ್ ಬಾಯಾರ?"

"ಇಲ್ಲ. ಆದ್ರ ಅವರವ್ವ ಗಿಡದ ಕೆಳಗ ಕುಂತು ಹೋಗವಲ್ಲಳು."

ಅಜ್ಜಿ ಎದ್ದರು. ನಡುಮನೆಯಲ್ಲಿ ಮಡಚಿಟ್ಟಿದ್ದ ಒಂದು ಕೌದಿ ತಂದು ಅಕ್ಕೋರ ತೊಡೆಯ ಮೇಲಿಟ್ಟರು. ಮೊಮ್ಮಗ ಹೊದ್ದುಕೊಳ್ಳುವ ಕೌದಿ. ಅದರ ಒಂದು ಮೂಲೆಗೆ ಹೊಸ ತೇಪೆ ಹಚ್ಚಿ ಹೊಲಿದಿತ್ತು. ಬಟ್ಟೆಯ ಮೇಲಿಂದಲೇ ಗುಂಡುಗಳು ಕೈಗೆ ಹತ್ತುತ್ತಿದ್ದವು.

ಹೊರಗಿನ ಆಳು ಮನೆಯೊಳಗೆ ಬರುತ್ತಾರೆಂದು, ಬಣ್ಣದ ಕೆಲಸ ಮುಗಿಯುವ ತನಕ ಜ್ವಾಕಿಯಾಗಿರಲಿ ಎಂದು ಅಜ್ಜಿಯೇ ಸರ ತೆಗೆದು ಹೊಲಿದಿಟ್ಟಿದ್ದರು. ಸೊಸೆ ಕಪಾಟು ತೆಗೆದ ದಿನ ಅವರು ಹುಲಗೂರಿನ ನೆಂಟರ ಮನೆಗೆ ಹೋಗಿದ್ದರು. ಮರಳಿ ಬರುವಷ್ಟರಲ್ಲಿ ಅಂಗಳದಲ್ಲಿ ಪೊಲೀಸರು, ಮಗ ಊರ ಮುಂದೆ ನಿಂತು ಹುಡುಗನನ್ನು ಬೈಯುತ್ತಿದ್ದ. "ಅಷ್ಟು ಮಂದ್ಯಾಗ ಮಗನ ಮಾರಿ ಸಣ್ಣದು ಮಾಡಲೇನು ಅಂತ ನಾಲಿಗಿ ಹೊರಳಲಿಲ್ಲ ಯವ್ವಾ" ಎಂದು ಅತ್ತರು. ದಿನ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು.

ನಾನು ಅಕ್ಕೋರ ಮುಖ ನೋಡಿದೆ. ಅಜ್ಜಿಯನ್ನು ಉಳಿಸಲು ಏನಾದರೂ ಉಪಾಯ ಹೂಡುತ್ತಾರೆ, ಎಲ್ಲೋ ಬಿದ್ದು ಸಿಕ್ಕಿತು ಅನ್ನುತ್ತಾರೆ ಎಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ. ಮಗನನ್ನು ಅಡುಗೆಮನೆಗೆ ಕರೆದರು, ಊರ ಮಂದಿಯ ಮುಂದೆ ಅಲ್ಲ. "ನಿಮ್ಮ ಅವ್ವ ಜ್ವಾಕಿ ಮಾಡಿದ್ರು. ಜ್ವಾಕಿ ಮಾಡೂದು ಗುನ್ಹೆ ಅಲ್ಲ. ಈಗ ತಾವ ಬಂದು ಹೇಳ್ತಾರ, ಅದಕ್ಕ ಧೈರ್ಯ ಬೇಕು. ನೀವು ಒಂದ್ ಮಾತೂ ಆಡಬ್ಯಾಡ್ರಿ, ಗಾಡಿ ತರ್ರಿ" ಅಂದರು. ಅಷ್ಟು ದೊಡ್ಡ ಮನುಷ್ಯ ಹೊಸ್ತಿಲಲ್ಲಿ ಕೈ ಕಟ್ಟಿ ನಿಂತು ಕೇಳಿಸಿಕೊಂಡ.

ಠಾಣೆಯಲ್ಲಿ ಅಜ್ಜಿ ಎಲ್ಲ ಹೇಳಿದರು. ಹೊರಗೆ ಬಂದು ಬೇವಿನ ಮರದ ಕೆಳಗೆ ಹುಡುಗನ ತಾಯಿಯ ಪಕ್ಕ ನೆಲದ ಮೇಲೆ ಕೂತು ಅವಳ ಎರಡೂ ಕೈ ಹಿಡಿದುಕೊಂಡರು. ಏನು ಮಾತಾಡಿದರೋ ನಮಗೆ ಕೇಳಿಸಲಿಲ್ಲ. ಹುಡುಗ ಹೊರಬಂದಾಗ ಯಜಮಾನ ತಲೆ ತಗ್ಗಿಸಿ, "ತಮ್ಮಾ, ತಪ್ಪಾತು. ನಾಳಿಂದ ಬಾ, ಉಳದ ಕೆಲಸ ಮುಗಸು" ಅಂದ. ಹುಡುಗ ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿದ. ಯಜಮಾನನಿಗೆ ಮಾತ್ರ, "ಉಳದ ಗ್ವಾಡಿಗೆ ಬ್ಯಾರೇದವರನ್ನ ಕರಕೋರಿ" ಎಂದು ಹೇಳಿ ತಾಯಿಯನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ಅಕ್ಕೋರಿಗೆ ಆ ಉತ್ತರ ಬಹಳ ಹಿಡಿಸಿತು. ಜೀಪಿನಲ್ಲಿ ಹಾನಗಲ್ ದಾಟುವವರೆಗೂ ಅದನ್ನೇ ಹೇಳಿಕೊಂಡು ನಕ್ಕರು.

ಅದೇ ಹುಡುಗನನ್ನು ಹುಡುಕಿಸಿ ಹಿರೇಕೆರೂರಿನ ತಮ್ಮ ಮನೆಗೆ ಬಣ್ಣ ಹೊಡೆಸಿದರು. ನಿವೃತ್ತಿ ಹತ್ತಿರ ಬಂದಿತ್ತು. ಗಿಳಿಹಸಿರು ಬಣ್ಣ, ಕಿಟಕಿಗೆ ಹಳದಿ. ಓಣಿಯ ಆ ತುದಿಯಿಂದ ಕಣ್ಣಿಗೆ ಹೊಡೆಯುತ್ತಿತ್ತು. "ಹ್ಯಾಂಗೈತಿ?" ಎಂದು ಕೇಳಿದರು. ಚೆನ್ನಾಗಿದೆ ಎಂದೆ. "ಸುಳ್ಳ ಹೇಳಬ್ಯಾಡ. ಅಂವನ ಆರಿಸಿದ ಬಣ್ಣ. ನಾ ಬ್ಯಾಡ ಅನ್ನಲಿಲ್ಲ" ಅಂದರು.

ತರಬೇತಿ ಮುಗಿದು, ಪರೀಕ್ಷೆ ಮುಗಿದು, ಆಮೇಲೆ ನೌಕರಿಯ ಪರೀಕ್ಷೆಯೂ ಆಗಿ ನಾನು ಇದೇ ಕೆಲಸಕ್ಕೆ ಬಂದೆ. ಕಳವು, ಸಾವು ಆದ ಜಾಗಕ್ಕೆ ಹೋಗಿ ಕುರುಹು ಎತ್ತುವ ಕೆಲಸ. ಆದೇಶ ಬಂದ ದಿನ ಅಬ್ಬಾ ಓಣಿಗೆಲ್ಲ ಪೇಢೆ ಹಂಚಿದ, ಖಾಲಾನ ಮನೆಗೂ ಕಳಿಸಿದ. ಮೊದಮೊದಲು ದಿನಕ್ಕೊಂದು ಸಲ ಅಕ್ಕೋರಿಗೆ ಫೋನು ಮಾಡುತ್ತಿದ್ದೆ. ಅವರು ನಿವೃತ್ತರಾಗಿ ಹಿರೇಕೆರೂರಿ­ನಲ್ಲಿ ಮಗಳ ಜೊತೆ ಇದ್ದರು. ಓಣಿಯ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ನನ್ನ ಪ್ರಶ್ನೆ ಕೇಳಿ, "ನೀ ಏನ್ ನೋಡಿದಿ, ಅದನ್ನ ಮೊದಲ ಹೇಳ" ಅನ್ನುತ್ತಿದ್ದರು. ಹೇಳುತ್ತ ಹೋದಂತೆ ಉತ್ತರ ನನಗೇ ಹೊಳೆಯುತ್ತಿತ್ತು. "ಮತ್ತ್ಯಾಕ ಫೋನ್ ಮಾಡಿದಿ? ರೊಕ್ಕ ಹೆಚ್ಚಾಗ್ಯಾವೇನು?" ಎಂದು ಇಡುತ್ತಿದ್ದರು.

ಹೋದ ವರ್ಷ ಮಳೆಗಾಲ ಶುರುವಾಗುವ ಮೊದಲು ಅವರು ತೀರಿಕೊಂಡರು. ಕಾಯಿಲೆ ಬಹಳ ದಿನದ್ದಲ್ಲ. ಬೆಳಿಗ್ಗೆ ಚಹಾ ಕುಡಿದು, ಕಟ್ಟೆಯ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿದರಂತೆ. ಮಗಳ ಫೋನು ಬಂದಾಗ ನಾನು ಶಿಗ್ಗಾವಿಯ ಒಂದು ಮನೆಯಲ್ಲಿದ್ದೆ. ವಯಸ್ಸಾದ ದಂಪತಿಯ ಮನೆ, ಕಳ್ಳರು ಹೊಕ್ಕಿದ್ದರು. ನಾನು ಕೆಲಸ ಮುಗಿಸುವ ತನಕ ಅವರು ಒಳಗೆ ಕಾಲಿಡುವ ಹಾಗಿರಲಿಲ್ಲ, ಪಕ್ಕದ ಮನೆಯ ಜಗಲಿಯಲ್ಲಿ ಕೂತು ಕಾಯುತ್ತಿದ್ದರು. ಫೋನು ಕಿಸೆಗೆ ಹಾಕಿದೆ. ಜೊತೆಗಿದ್ದ ಹವಾಲ್ದಾರರು, "ಹೋಗ್ರಿ ಮೇಡಂ, ಬ್ಯಾರೆಯವರನ್ನ ಕರಸ್ತೇವಿ" ಅಂದರು. ಬೇರೆಯವರು ಬರಬೇಕೆಂದರೆ ಸಂಜೆಯಾಗುತ್ತಿತ್ತು. ನಾನು ಬ್ರಷ್ ಕೈಗೆ ತೆಗೆದುಕೊಂಡೆ. ಬಾಗಿಲು, ಕಿಟಕಿ, ಮಂಚದ ಕೆಳಗಿನ ಟ್ರಂಕು, ಒಂದನ್ನೂ ಬಿಡದೆ ನೋಡಿದೆ. ಆ ಮುದುಕ ಮುದುಕಿ ಒಳಗೆ ಹೋಗಿ ತಮ್ಮ ಮಂಚದ ಮೇಲೆ ಕೂತ ಮೇಲೆ ಹಿರೇಕೆರೂರಿನ ದಾರಿ ಹಿಡಿದೆ.

ನಾನು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮಂದಿ ಮನೆಗೆ ಮರಳುತ್ತಿದ್ದರು. ಹಸಿ ಮಣ್ಣಿನ ಮೇಲೆ ಒಂದು ಹಿಡಿ ಬಿಲ್ವಪತ್ರೆ ಹಾಕಿದೆ, ನನಗೆ ಬರುವ ದುವಾ ಮಾಡಿದೆ. ಅವರ ಮಗಳು ಹಿಂದೆ ಬಂದು ನಿಂತಿದ್ದಳು. ತಡವಾಯಿತು ಎಂದು ಹೇಳಲು ಹೋದೆ, ಕಾರಣ ಕೇಳಿ ಅವಳು ನನ್ನ ಹೆಗಲ ಮೇಲೆ ಕೈ ಇಟ್ಟಳು. "ಕೆಲಸ ಬಿಟ್ಟು ಬಂದಿದ್ರ ಅವ್ವ ಎದ್ದು ನಿಂತು ಬೈತಿದ್ಲು. ನಡಿ, ಉಂಡು ಹೋಗಂತಿ." ನಾವಿಬ್ಬರೂ ಅತ್ತೆವು, ನಕ್ಕೆವು ಕೂಡ. ಅವರ ಮನೆಯ ನಡುಮನೆಯಲ್ಲಿ ಎಲ್ಲರ ಜೊತೆ ಸಾಲಿನಲ್ಲಿ ಕೂತು ಉಂಡೆ.

ಮರುದಿನ ಶಿಗ್ಗಾವಿಯ ಮನೆಯ ವರದಿ ಬರೆಯಲು ಕೂತೆ. ಎತ್ತಿದ ಗುರುತುಗಳಲ್ಲಿ ಒಂದೇ ಒಂದು ಹೊರಗಿನವರದು, ಅದೂ ಅರ್ಧ. ಠಾಣೆಯವರಿಗೆ ಒಬ್ಬನ ಮೇಲೆ ಗುಮಾನಿಯಿತ್ತು. ಅವನ ಬೆರಳಿಗೂ ಇದಕ್ಕೂ ಕೆಲವು ಗೆರೆ ಕೂಡುತ್ತಿದ್ದವು, ಹೌದು ಅನ್ನಲು ಅಷ್ಟು ಸಾಲದು, ಅಲ್ಲ ಅನ್ನಲೂ ಸಾಲದು. ಇನ್ಸ್‌ಪೆಕ್ಟರ್ ಮೇಜಿನ ಎದುರು ಕೂತು ಕಾಯುತ್ತಿದ್ದರು. ನಾನು ಮತ್ತೊಮ್ಮೆ ನೋಡಿ, "ಅಭಿಪ್ರಾಯ ಕೊಡಲು ಗುರುತು ಸಾಲದು" ಎಂದು ಬರೆದು ಸಹಿ ಮಾಡಿ ಕೊಟ್ಟೆ. ಅವರ ಮುಖ ಸಪ್ಪಗಾಯಿತು. ಇಷ್ಟು ಓದಿ, ಇಷ್ಟು ದಿನ ಕೆಲಸ ಮಾಡಿ, ನನಗೆ ತಿಳಿಯುವುದಿಲ್ಲ ಎಂದು ಸರ್ಕಾರಿ ಕಾಗದದ ಮೇಲೆ ಬರೆದುಕೊಟ್ಟಿದ್ದೆ. ನಾಚಿಕೆಯಾಗಲಿಲ್ಲ. ಹಾಗೆ ನಾಚಿಕೆಯಾಗದಂತೆ ಮಾಡಿದವರು ಅಕ್ಕೋರು.